ನಲವತ್ತೆಂಟು ಅಂಕಿಗಳ ಹಾಳೆ

ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ನನ್ನ ಬಲಮಂಡಿ ಎರಡು ಸಲ ಕಟಕ್ ಎಂದಿತ್ತು. ಅಪ್‌ಡೇಟ್ ಬಂದು ಅದು ನಾಲ್ಕನೇ ದಿನ. ನಾಲ್ಕು ದಿನಕ್ಕೆ ಹದಿನೇಳು ಕಂಪ್ಯೂಟರ್ ನೋಡಿದ್ದೆ. ಒಂದಕ್ಕೆ ದನಿ ಹೋಗಿತ್ತು, ಒಂದು ತನ್ನ ಪ್ರಿಂಟರನ್ನೇ ಮರೆತಿತ್ತು, ಮಿಕ್ಕವು ಏಳಲೊಲ್ಲೆ ಎಂದು ಮಲಗಿದ್ದವು. ಹದಿನೇಳು ಮಂದಿಯೂ ಹೇಳಿದ್ದು ಒಂದೇ ಮಾತು: "ನಾನೇನೂ ಮಾಡಿಲ್ಲ ಅಕ್ಕ, ತಾನಾಗೇ ಹೀಗಾಯ್ತು." ಗೊತ್ತಪ್ಪಾ ಗೊತ್ತು, ಈ ಭೂಮಿಯ ಮೇಲೆ ಯಾರೂ ಏನೂ ಮಾಡಿರುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ರಿಪೇರಿ ಮಾಡಿಕೊಂಡು ಬಂದಿದ್ದೇನೆ, ಬೀದಿಯವರು ಸ್ಕ್ರೂ ಅಕ್ಕ ಎಂದು ಕರೆಯುತ್ತಾರೆ. ಆ ಭಾನುವಾರ ಮಾತ್ರ ಯಾರಾದರೂ ನನ್ನನ್ನೇ ಬಿಚ್ಚಿ ಒರೆಸಿ ಜೋಡಿಸಿದ್ದರೆ ಸಾಕಿತ್ತು ಅನ್ನಿಸಿತ್ತು.

ಹದಿನೆಂಟನೆಯದು ಮೇಷ್ಟ್ರದು. ಮೇಷ್ಟ್ರಿಗೆ ಹುಟ್ಟಿನಿಂದ ಕಣ್ಣಿಲ್ಲ. ಅಂಧ ಮಕ್ಕಳ ಶಾಲೆಗೆ ಬ್ರೈಲ್ ಪುಸ್ತಕ ಸಿದ್ಧಪಡಿಸುವುದು ಅವರ ಕೆಲಸ. ಕಂಪ್ಯೂಟರ್ ಗಟ್ಟಿಯಾಗಿ ಓದಿ ಹೇಳುತ್ತದೆ, ಅವರು ಕೇಳಿಸಿಕೊಂಡು ಅದನ್ನು ಬೆರಳಿಗೆ ತಿಳಿಯುವ ಚುಕ್ಕೆಗಳ ಲಿಪಿಗೆ ಇಳಿಸುತ್ತಾರೆ, ಪ್ರೆಸ್ಸಿನವರು ಅಚ್ಚು ಹಾಕುತ್ತಾರೆ. ಅವರ ಹೆಂಡತಿ ಅದೇ ಕಟ್ಟಡದ ಕೆಳಗೆ ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ ಇಟ್ಟಿದ್ದಾಳೆ. ಅಂಗಡಿಗೆ ಬಂದ ಕಾಗದ ಪ್ಲಾಸ್ಟಿಕ್ ಹೊದೆಯದೆ ಆಚೆ ಹೋಗುವುದಿಲ್ಲ ಎಂದು ಬೀದಿಯಲ್ಲಿ ತಮಾಷೆ ಮಾಡುತ್ತಾರೆ.

"ಬನ್ನಿ ಅಕ್ಕ, ಮಂಡಿ ನೋವು ಜಾಸ್ತಿ ಆಗಿದೆ ಅಲ್ವಾ? ಎರಡನೇ ಮಹಡೀಲಿ ನಿಂತುಬಿಟ್ರಿ," ಎಂದರು ಮೇಷ್ಟ್ರು, ಕುರ್ಚಿಯಿಂದ ಎದ್ದು.

"ನಿಮ್ಮ ಕಿವೀನ ಯಾರಿಗಾದ್ರೂ ಬಾಡಿಗೆಗೆ ಕೊಡಿ ಮೇಷ್ಟ್ರೇ. ಏನಾಯ್ತು ಹೇಳಿ."

"ಫ್ಯಾನ್ ಓಡುತ್ತೆ, ಮಾತಿಲ್ಲ. ಬೆಳಗ್ಗೆ ಆರಕ್ಕೆ ಆನ್ ಮಾಡಿದೆ. ಅಪ್‌ಡೇಟ್ ಮುಗಿಸ್ಕೊಳ್ತಿರಬೇಕು ಅಂತ ಕಾದೆ. ಎಂಟಾಯ್ತು, ಒಂಬತ್ತಾಯ್ತು. ಆಫ್ ಮಾಡಿ ಆನ್ ಮಾಡಿದೆ. ಬಾಯೇ ಬಿಡ್ತಿಲ್ಲ."

ಅಪ್‌ಡೇಟ್ ಹಾಕಲು ಹೇಳಿದವಳು ನಾನೇ. ಗುರುವಾರ ಅವರು ಫೋನ್ ಮಾಡಿ, "ಏನೋ ಹೊಸದು ಹಾಕ್ಕೊಳ್ಳಲಾ ಅಂತ ಕೇಳ್ತಿದೆ ಅಕ್ಕ," ಎಂದಾಗ ನಾನು ಬೇರೊಬ್ಬರ ಮೇಜಿನ ಕೆಳಗೆ ತಲೆ ತೂರಿಸಿಕೊಂಡಿದ್ದೆ. "ಹಾಕಿ ಹಾಕಿ, ಏನೂ ಆಗಲ್ಲ," ಎಂದುಬಿಟ್ಟೆ. ಏನೂ ಆಗಲ್ಲ ಎನ್ನುವ ನಾಲಿಗೆಗೆ ಬರೆ ಹಾಕಬೇಕು.

ಕಂಪ್ಯೂಟರಿನ ಪರದೆಗೆ ಟವೆಲ್ ಹೊದಿಸಿತ್ತು. ಮೇಷ್ಟ್ರಿಗೆ ಪರದೆ ಬೇಕಿಲ್ಲ, ಧೂಳು ಕೂರದಿರಲಿ ಎಂದು ಹೆಂಡತಿ ಯಾವಾಗಲೂ ಮುಚ್ಚಿಡುತ್ತಾಳೆ. ನಾನು ಟವೆಲ್ ಎತ್ತಿದೆ. ನೀಲಿ ಪರದೆಯ ಮೇಲೆ ಬಿಳಿ ಅಕ್ಷರ, ಕೆಳಗೆ ಎಂಟು ಖಾಲಿ ಚೌಕ. ಬೀಗದ ಸಂಖ್ಯೆ ಕೊಟ್ಟರೆ ಬಾಗಿಲು ತೆಗೆಯುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಅದು ಬೆಳಗ್ಗೆ ಆರರಿಂದ ಟವೆಲ್ಲಿನ ಕೆಳಗೆ ಕೇಳುತ್ತಲೇ ಇತ್ತು. ಮೇಷ್ಟ್ರು ಎರಡು ಅಡಿ ದೂರದಲ್ಲಿ ಕೂತು ಕಾಯುತ್ತಲೇ ಇದ್ದರು.

"ಕೆಟ್ಟಿಲ್ಲ ಮೇಷ್ಟ್ರೇ, ಬೀಗ ಬಿದ್ದಿದೆ," ಎಂದೆ. "ಅಪ್‌ಡೇಟು ಒಳಗಡೆ ಏನೋ ಅಲ್ಲಾಡಿಸಿದೆ. ಇದು ಯಾರೋ ಕಳ್ಳ ಬಂದ ಅಂದ್ಕೊಂಡಿದೆ. ಮನೆಗೆ ಬಣ್ಣ ಹೊಡೆಸಿದ್ರೆ ನಾಯಿ ಯಜಮಾನನ್ನೇ ಒಳಗೆ ಬಿಡ್ಲಿಲ್ಲವಂತೆ, ಹಾಗೆ. ನಾಲ್ಕು ತಿಂಗಳ ಹಿಂದೆ ನಲವತ್ತೆಂಟು ಅಂಕಿ ಹೇಳಿದ್ನಲ್ಲ, ನೀವು ಬರ್ಕೊಂಡ್ರಿ. ಆ ಹಾಳೆ ಕೊಡಿ, ಐದು ನಿಮಿಷದ ಕೆಲಸ."

ಆ ಬೀಗ ಹಾಕಿದ್ದೂ ನಾನೇ. ಶಾಲೆಯ ಪ್ರಶ್ನೆಪತ್ರಿಕೆಗಳೂ ಅದರಲ್ಲೇ ಇರುವುದರಿಂದ ಬೀಗವಿಲ್ಲದೆ ಆಗದು ಎಂದು ಪ್ರೆಸ್ಸಿನವರು ಹಟ ಹಿಡಿದಿದ್ದರು. ಸಂಖ್ಯೆಯನ್ನು ಇಂಟರ್‌ನೆಟ್ಟಿನಲ್ಲೂ ಇಡಬಹುದಿತ್ತು, ಮೇಷ್ಟ್ರು ಬೇಡ ಎಂದರು. ಫೋನಿನಲ್ಲಿ ಬೇಡ ಎಂದವಳು ನಾನು. ಗಿರಾಕಿಗಳ ಬೀಗದ ಸಂಖ್ಯೆಯನ್ನು ನಾನು ಇಟ್ಟುಕೊಳ್ಳುವುದಿಲ್ಲ, ಅದು ನನ್ನ ನೇಮ. ಹಾಗಾಗಿ ನಾನು ಒಂದೊಂದೇ ಅಂಕಿ ಹೇಳುತ್ತ ಹೋದೆ, ಅವರು ದಪ್ಪ ಹಾಳೆಯ ಮೇಲೆ ಕಿಂಡಿಗಳ ಪಟ್ಟಿ ಇಟ್ಟು, ಹಿಡಿಕೆಯ ಮೊಳೆಯಿಂದ ಟಕಟಕ ಚುಚ್ಚುತ್ತ ಹೋದರು. ಜಗತ್ತಿನಲ್ಲಿ ಆ ಸಂಖ್ಯೆ ಇದ್ದದ್ದು ಆ ಒಂದು ಹಾಳೆಯಲ್ಲಿ.

"ಸದ್ಯ, ಬದುಕಿದೆ," ಎಂದು ಮೇಷ್ಟ್ರು ಎದೆ ಮೇಲೆ ಕೈ ಇಟ್ಟುಕೊಂಡರು. "ನಾಳೆ ಬೆಳಗ್ಗೆ ಲೆಕ್ಕದ ಪುಸ್ತಕ ಪ್ರೆಸ್ಸಿಗೆ ಕೊಡಬೇಕು ಅಕ್ಕ. ಎಂಟು ತಿಂಗಳ ಕೆಲಸ. ನಾಳೆ ತಪ್ಪಿದ್ರೆ ಮಿಷನ್ನು ಬೇರೆ ಕೆಲಸಕ್ಕೆ ಹೋಗುತ್ತೆ, ಪರೀಕ್ಷೆ ಮುಗಿಯೋ ತನಕ ಸಿಗಲ್ಲ."

"ಕಾಪಿ ಇಟ್ಟಿದ್ದೀರಲ್ಲ?"

ಅವರು ಮೇಜಿನ ಮೇಲೆ ತಡಕಿ ಪೆನ್‌ಡ್ರೈವ್ ಹಿಡಿದುಕೊಂಡರು. ಆಮೇಲೆ ಮೆಲ್ಲಗೆ, "ಐದು ಅಧ್ಯಾಯ ಪೆನ್‌ಡ್ರೈವಲ್ಲಿದೆ. ಉಳಿದ ಒಂಬತ್ತು ಇದರಲ್ಲೇ. ಮುಗಿಸೋ ಆತುರದಲ್ಲಿ ಮರೆತೆ," ಎಂದರು. ಬೈಯಬೇಕೆಂದು ಬಾಯಿ ತೆರೆದೆ. ಆ ಮುಖ ನೋಡಿ ಬೈಗುಳವನ್ನು ನಾಳೆಗಿಟ್ಟೆ.

ಶಾಲೆಯಲ್ಲಿ ಏಳು ಹುಡುಗಿಯರು ಆ ಪುಸ್ತಕಕ್ಕೆ ಕಾಯುತ್ತಿದ್ದರು. ಇಷ್ಟು ದಿನ ಆಕೃತಿಗಳಿರುವ ಲೆಕ್ಕದ ಪುಸ್ತಕ ಬ್ರೈಲಿನಲ್ಲಿ ಇರಲಿಲ್ಲ, ಲೆಕ್ಕದ ಬದಲು ಸಂಗೀತ ತಗೊಳ್ಳಿ ಎಂದು ಮಕ್ಕಳಿಗೆ ಹೇಳಿಬಿಡುತ್ತಿದ್ದರು. ಮೇಷ್ಟ್ರಿಗೂ ಚಿಕ್ಕಂದಿನಲ್ಲಿ ಹಾಗೇ ಹೇಳಿದ್ದರಂತೆ. "ನನಗೆ ಶ್ರುತಿ ಇಲ್ಲ ಅಕ್ಕ, ತಾಳ ಇಲ್ಲ. ಲೆಕ್ಕ ಇತ್ತು. ಅದನ್ನ ಕಿತ್ಕೊಂಡು ಹಾಡು ಅಂದ್ರು," ಎಂದು ಒಮ್ಮೆ ಹೇಳಿದ್ದರು. ಆ ಸಿಟ್ಟು ಅವರಿಗೆ ಇನ್ನೂ ಆರಿಲ್ಲ.

"ಏನೇ, ಬೀಗದ ಹಾಳೆ ತಗೊಂಡು ಬಾರೇ," ಎಂದು ಕೂಗಿದರು.

ಹೆಂಡತಿ ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ನಾನು ಬಂದಾಗಿನಿಂದ ಅಲ್ಲೇ ನಿಂತಿದ್ದಳು ಎಂದು ಆಗ ಹೊಳೆಯಿತು. ನನ್ನ ಕಡೆ ನೋಡಿ ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು. ಏನು ಬೇಡವೋ ನನಗೆ ತಿಳಿಯಲಿಲ್ಲ.

"ಹುಡುಕಿದೆ ರೀ. ಸಿಗ್ತಿಲ್ಲ," ಎಂದಳು.

"ಯಾವಾಗ ಹುಡುಕ್ದೆ? ಬೀಗ ಬಿದ್ದಿದೆ ಅಂತ ಅಕ್ಕ ಈಗ ತಾನೇ ಹೇಳಿದ್ದು."

ಅವಳು ಸೆರಗಿನ ತುದಿ ಕಚ್ಚಿಕೊಂಡಳು. ನನಗೆ ಅರ್ಥವಾಯಿತು. ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ಅವಳು ಟವೆಲ್ ಎತ್ತಿ ನೋಡಿದ್ದಾಳೆ. ಏನು ಕೇಳುತ್ತಿದೆ ಎಂದು ಓದಿದ್ದಾಳೆ. ಓದಿ, ಮತ್ತೆ ಟವೆಲ್ ಮುಚ್ಚಿ, ಸ್ಕ್ರೂ ಅಕ್ಕನ್ನ ಕರೀರಿ ಎಂದು ಹೇಳಿ ಕೆಳಗಿಳಿದಿದ್ದಾಳೆ, ನಾನು ಬರುವಷ್ಟರಲ್ಲಿ ತಿರುಗಿ ಮೇಲೆ ಬಂದಿದ್ದಾಳೆ. ಕಣ್ಣಿದ್ದವಳು ಹೀಗೆ ಮಾಡಿದರೆ ಯಾರಿಗೆ ಹೇಳುವುದು?

ಮೇಷ್ಟ್ರು ಮೇಜಿನ ಮೇಲಿದ್ದದ್ದನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು. ಆಮೇಲೆ ಕೋಪವೇನೂ ಇಲ್ಲದೆ ಹೇಳಿದರು. "ಮೂರನೇ ಡ್ರಾಯರು. ನೀಲಿ ಫೈಲಿನ ಕೆಳಗೆ. ಪ್ಲಾಸ್ಟಿಕ್ ಹಾಕಿರೋ ಹಾಳೆ. ಅದೇ. ತಗೊಂಡು ಬಾ."

ಅವಳ ಬಾಯಿಂದ ಸೆರಗು ಜಾರಿತು. "ನಿಮಗೆ ಗೊತ್ತಿತ್ತಾ?"

"ನನ್ನ ಡ್ರಾಯರಲ್ಲಿ ನನಗೆ ಗೊತ್ತಿಲ್ಲದ್ದು ಏನಿರುತ್ತೆ?"

ಹಾಳೆ ಮೇಜಿನ ಮೇಲೆ ಬಂತು. ಅಂದವಾದ ಕೆಲಸ, ಅದನ್ನು ಒಪ್ಪಬೇಕು. ನಾಲ್ಕೂ ಮೂಲೆ ದುಂಡಗೆ ಕತ್ತರಿಸಿ, ಒಂದು ಗುಳ್ಳೆಯೂ ಇಲ್ಲದಂತೆ ಪ್ಲಾಸ್ಟಿಕ್ ಹೊದಿಸಿದ್ದಳು. ಬಿಸಿ ರೋಲರಿನ ನಡುವೆ ಹೋಗಿ ಬಂದ ಚುಕ್ಕೆಗಳೆಲ್ಲ ಹೆಚ್ಚೂಕಡಿಮೆ ನೆಲಸಮವಾಗಿದ್ದವು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಳು ಪುಣ್ಯಾತ್ಗಿತ್ತಿ.

"ಮುಖ್ಯವಾದ ಹಾಳೆ ಅಂದಿದ್ರು," ಎಂದಳು ನನಗೆ, ಕಣ್ಣೊರೆಸಿಕೊಳ್ಳುತ್ತ. "ಒದ್ದೆ ಆಗ್ಬಾರ್ದು, ಹರೀಬಾರ್ದು ಅಂತ ಹಾಕ್ದೆ. ಮಿಷನ್ನಿಂದ ಆಚೆ ಬಂದ ತಕ್ಷಣ ಕೈ ಆಡಿಸಿದೆ, ನುಣ್ಣಗಿತ್ತು. ಎದೆ ಧಸಕ್ ಅಂತು. ಹೇಳೋಕೆ ಧೈರ್ಯ ಬರ್ಲಿಲ್ಲ. ಇದು ಬೇಕಾಗೋದೇ ಬೇಡಪ್ಪಾ ಅಂತ ದಿನಾ ಬೇಡ್ಕೋತಿದ್ದೆ."

"ನೀವು?" ಎಂದೆ ಮೇಷ್ಟ್ರಿಗೆ. "ನಿಮಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

"ಮೂರೂವರೆ ತಿಂಗಳು."

ನನ್ನ ತಾಳ್ಮೆ ಅಲ್ಲಿಗೆ ಹರಿಯಿತು. "ಆಹಾ! ಅವಳು ನಿಮಗೆ ಗೊತ್ತಾಗದಿರ್ಲಿ ಅಂತ ಬಚ್ಚಿಡೋದು, ನೀವು ಗೊತ್ತಿದ್ದೂ ಗೊತ್ತಿಲ್ದೋರ ಹಾಗೆ ಕೂರೋದು! ಒಂದು ಫೋನ್ ಮಾಡಿದ್ರೆ ಅವತ್ತೇ ಬಂದು ಇನ್ನೊಂದು ಸಲ ಓದಿ ಹೇಳ್ತಿದ್ನಲ್ಲ ಮೇಷ್ಟ್ರೇ, ಕಂಪ್ಯೂಟರ್ ಚೆನ್ನಾಗಿದ್ದಾಗ! ಇಬ್ರೂ ಸೇರಿ ನನ್ನ ಪ್ರಾಣ ತಗೀಬೇಕು ಅಂತ ಹರಕೆ ಹೊತ್ತಿದ್ದೀರಾ?"

"ಹೇಳಿದ್ರೆ ಇವಳು ನನ್ನ ಹಾಳೆ ಮುಟ್ಟೋದೇ ಬಿಟ್ಟುಬಿಡ್ತಿದ್ಲು ಅಕ್ಕ," ಎಂದರು. "ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಮೊದಲನೇ ಸಲ ನನ್ನದೊಂದು ಹಾಳೆ ತಗೊಂಡು ಏನೋ ಮಾಡಿದ್ಲು. ಹಾಳು ಮಾಡ್ದೆ ಅಂತ ಹೇಗೆ ಹೇಳ್ಲಿ?"

"ಯಾಕೆ ಮುಟ್ಟಲಿಲ್ಲ ಅಂತ ಅಕ್ಕನಿಗೆ ಹೇಳಿ," ಎಂದಳು ಅವಳು. ಅಳು ಹೋಗಿ ದನಿಯಲ್ಲಿ ಖಾರ ಬಂದಿತ್ತು. "ಮದುವೆಯಾದ ಹೊಸದ್ರಲ್ಲಿ ನನಗೂ ಕಲಿಸಿ ಅಂತ ಕೇಳಿದ್ದೆ. ಏನಂದ್ರಿ? ನಿನಗ್ಯಾಕೆ, ನಿನಗೆ ಕಣ್ಣಿದೆಯಲ್ಲ ಅಂದ್ರಿ. ಆಮೇಲೆ ಇನ್ನೆರಡು ಸಲ ಕೇಳ್ದೆ. ನಕ್ಕುಬಿಟ್ರಿ. ನಿಮ್ಮ ಮನೇಲಿ ಇಷ್ಟು ಪುಸ್ತಕ ಇದೆ, ನನಗೆ ಒಂದಕ್ಷರ ಗೊತ್ತಿಲ್ಲ. ಗೊತ್ತಿದ್ದಿದ್ರೆ ಪ್ಲಾಸ್ಟಿಕ್ ಹಾಕ್ತಿದ್ನಾ?"

ಮೇಷ್ಟ್ರು ಹಾಳೆಯನ್ನು ಹತ್ತಿರ ಎಳೆದುಕೊಂಡು ಬೆರಳಿಟ್ಟರು.

ಗಂಡ ಹೆಂಡಿರ ಜಗಳದಲ್ಲಿ ಮೂರನೆಯವರು ಸ್ಟೂಲ್ ಎಳೆದುಕೊಂಡು ಕೂರುವುದೇ ಮೇಲು. ಕೂತೆ. ಮೇಷ್ಟ್ರು ಪ್ಲಾಸ್ಟಿಕ್ಕಿನ ಮೇಲೆ ಇರುವೆ ನಡೆದಷ್ಟು ನಿಧಾನವಾಗಿ ಬೆರಳು ಸರಿಸುತ್ತ ಒಂದೊಂದೇ ಅಂಕಿ ಹೇಳಿದರು, ನಾನು ಒತ್ತಿದೆ. ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯ ಗುಂಡಿ ಒತ್ತಿದರೆ ಪರದೆ, ಈ ಸಂಖ್ಯೆ ಸರಿಯಿಲ್ಲ ಎಂದಿತು. ಅಷ್ಟೆ. ಎಲ್ಲಿ ಸರಿಯಿಲ್ಲ ಎಂದು ಹೇಳುವ ಸೌಜನ್ಯವೂ ಅದಕ್ಕಿರಲಿಲ್ಲ.

"ಅಂಕಿಗೆ ಚುಕ್ಕೆ ಬೀಳೋದು ನಾಲ್ಕೇ ಜಾಗದಲ್ಲಿ ಅಕ್ಕ," ಎಂದರು ಮೇಷ್ಟ್ರು, ಬೆರಳು ನೀವಿಕೊಳ್ಳುತ್ತ. "ಎಡಗಡೆ ಮೇಲೊಂದು, ನಡುವೆ ಒಂದು. ಬಲಗಡೆ ಮೇಲೊಂದು, ನಡುವೆ ಒಂದು. ನಾಲ್ಕೂ ಇದ್ರೆ ಏಳು. ಅದ್ರಲ್ಲಿ ಒಂದು ಚುಕ್ಕೆ ಅಳಿಸಿದ್ರೆ ನಾಲ್ಕಾಗುತ್ತೆ, ಇನ್ನೊಂದು ಅಳಿಸಿದ್ರೆ ಆರು, ಮತ್ತೊಂದು ಅಳಿಸಿದ್ರೆ ಎಂಟು. ನಾನು ನಾಲ್ಕು ಅಂದಿದ್ದೆಲ್ಲ ನಾಲ್ಕೇ ಅಂತ ಪ್ರಮಾಣ ಮಾಡಕ್ಕಾಗಲ್ಲ."

ಕಂಪ್ಯೂಟರ್ ಬಂದ್ ಮಾಡಿ, ಕ್ಷಮಿಸಿ ಮೇಷ್ಟ್ರೇ ಎಂದು ಹೇಳಿ ಮನೆಗೆ ಹೋಗಿ ಕಾಲು ಚಾಚಬಹುದಿತ್ತು. ನಿಜ ಹೇಳುತ್ತೇನೆ, ಆ ಆಸೆ ಬಂತು. ಎದ್ದೂ ನಿಂತೆ. ಎದ್ದಾಗ ಮಂಡಿ ಹಿಡಿದುಕೊಂಡು ಮತ್ತೆ ಕೂರಬೇಕಾಯಿತು. ಆ ಕೂತ ಗಳಿಗೆಯಲ್ಲಿ, ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಯಾವಾಗಲೋ ಹೇಳಿದ್ದು ನೆನಪಾಯಿತು. ಈ ನಲವತ್ತೆಂಟು ಅಂಕಿಗಳನ್ನು ಆರಾರಂತೆ ಎಂಟು ಗುಂಪು ಮಾಡಿರುತ್ತಾರೆ, ಪ್ರತಿ ಗುಂಪೂ ಹನ್ನೊಂದರಿಂದ ಶೇಷವಿಲ್ಲದೆ ಭಾಗವಾಗಲೇಬೇಕು.

ಹೇಳಿದೆ. ಮೇಷ್ಟ್ರು ನೆಟ್ಟಗೆ ಕೂತರು.

"ಹನ್ನೊಂದಾ? ಖಂಡಿತಾನಾ?"

"ಖಂಡಿತ."

"ಹಾಗಾದ್ರೆ ಒಂದನೇ, ಮೂರನೇ, ಐದನೇ ಅಂಕಿ ಕೂಡಿಸೋದು. ಎರಡನೇ, ನಾಲ್ಕನೇ, ಆರನೇದು ಕೂಡಿಸೋದು. ಎರಡೂ ಸಮ ಇರಬೇಕು, ಇಲ್ಲಾ ಹನ್ನೊಂದೋ ಇಪ್ಪತ್ತೆರಡೋ ವ್ಯತ್ಯಾಸ ಇರಬೇಕು." ದಣಿದ ಮುಖದಲ್ಲಿ ಹುಡುಗಾಟಿಕೆ ಬಂದಿತ್ತು. "ಮೊದಲನೇ ಗುಂಪು. ಮೂರು, ಒಂದು, ಅನುಮಾನ, ಎರಡು, ನಾಲ್ಕು, ಸೊನ್ನೆ. ಆ ಅನುಮಾನದ್ದು ನಾಲ್ಕು ಅಂದಿದ್ದೆ. ನಾಲ್ಕಾದ್ರೆ ಈ ಕಡೆ ಹನ್ನೊಂದು, ಆ ಕಡೆ ಮೂರು, ವ್ಯತ್ಯಾಸ ಎಂಟು. ಆಗಲ್ಲ. ಆರಾದ್ರೆ ಹತ್ತು. ಆಗಲ್ಲ. ಏಳಾದ್ರೆ ಹನ್ನೊಂದು. ಏಳು ಅಕ್ಕ! ಏಳು!"

ಸಂಗೀತ ತಗೋ ಎಂದವರನ್ನು ಹಿಡಿದು ತಂದು ಆ ಕೋಣೆಯಲ್ಲಿ ನಿಲ್ಲಿಸಬೇಕು ಅನ್ನಿಸಿತು ನನಗೆ.

ಆದರೆ ಗುಂಪಿನಲ್ಲಿ ಒಂದೇ ಅನುಮಾನವಿದ್ದರೆ ಲೆಕ್ಕ ಸಾಕು. ಎರಡು ಮೂರು ಇದ್ದರೆ ಐದಾರು ಉತ್ತರಗಳೂ ಹೊಂದುತ್ತವೆ. ಎರಡನೇ ಗುಂಪಿಗೇ ನಾವು ಸಿಕ್ಕಿಕೊಂಡೆವು. ಆಗ ಹೆಂಡತಿ, ಯಾರೂ ಕರೆಯದೆಯೇ, ಅಂಗಡಿಯ ಟಾರ್ಚ್ ತಂದಳು. ಕಿಟಕಿಯ ಪರದೆ ಎಳೆದು ಕೋಣೆ ಕತ್ತಲು ಮಾಡಿದಳು. ಹಾಳೆಯನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು, ಟಾರ್ಚನ್ನು ಪಕ್ಕದಿಂದ ಹಾಯಿಸಿದಳು.

"ಮೊಳೆ ಚುಚ್ಚಿದ ಕಡೆ ಕಾಗದ ಬೆಳ್ಳಗಾಗಿರುತ್ತೆ," ಎಂದಳು ನನಗೆ. "ಹಳೇ ಸರ್ಟಿಫಿಕೇಟಿನ ಒತ್ತುಮುದ್ರೆ ಹುಡುಕೋದು ಹೀಗೇ." ಆಮೇಲೆ ಗಂಡನಿಗೆ, ಸ್ವಲ್ಪ ಬಿಗುಮಾನದಿಂದಲೇ, "ಎಡಗಡೆ ಮೇಲೆ ಇದೆ. ಬಲಗಡೆ ಮೇಲೆ ಇದೆ. ಎಡಗಡೆ ನಡುವೆ ಸಣ್ಣದಾಗಿ ಇದೆ. ಬಲಗಡೆ ನಡುವೆ ಇಲ್ಲ," ಎಂದಳು.

"ಆರು," ಎಂದರು ಮೇಷ್ಟ್ರು.

"ಮುಂದಿನದು. ಎಡಗಡೆ ಮೇಲೆ. ಬಲಗಡೆ ಮೇಲೆ. ಅಷ್ಟೆ."

"ಮೂರು."

ಹೀಗೇ ಸಾಗಿತು. ಅವಳು ಚುಕ್ಕೆ ಹೇಳುವುದು, ಅವರು ಅಂಕಿ ಹೇಳುವುದು, ಗುಂಪು ಮುಗಿದಾಗ ಕೂಡಿ ಕಳೆದು ಸರಿ ಎನ್ನುವುದು, ನಾನು ಬರೆದುಕೊಳ್ಳುವುದು. ಮೂರನೇ ಗುಂಪಿನಲ್ಲಿ ಒಮ್ಮೆ ತಪ್ಪಿ ಮತ್ತೆ ಮೊದಲಿನಿಂದ ನೋಡಬೇಕಾಯಿತು. ಹೊಟ್ಟೆ ಚುರುಗುಟ್ಟುತ್ತಿತ್ತು, ಯಾರೂ ಊಟದ ಮಾತೆತ್ತಲಿಲ್ಲ. ಅವಳ ಕೈ ಸೋತಾಗ ಟಾರ್ಚ್ ನಾನು ಹಿಡಿದೆ, ನನ್ನ ಕೈ ಸೋತಾಗ ಅವಳು ಹಿಡಿದಳು. ಐದನೇ ಗುಂಪಿಗೆ ಬರುವ ಹೊತ್ತಿಗೆ ಅವಳು ಚುಕ್ಕೆ ಹೇಳಿ, ಗಂಡ ಬಾಯಿ ತೆರೆಯುವ ಮುಂಚೆ, ತುಟಿಯಲ್ಲೇ ಏನೋ ಅಂದುಕೊಳ್ಳುತ್ತಿದ್ದಳು. ನಾನು ನೋಡಿದೆ, ಬರೆದುಕೊಳ್ಳುತ್ತ ಹೋದೆ.

ಎಂಟನೇ ಗುಂಪು ಹಾಳೆಯ ಅಂಚಿನಲ್ಲಿತ್ತು, ರೋಲರು ಅಲ್ಲಿ ಬಲವಾಗಿ ಒತ್ತಿತ್ತು. ಐದು, ಎಂಟು, ಸೊನ್ನೆ, ಆರು ಸಿಕ್ಕವು. ಉಳಿದೆರಡು ಮೇಷ್ಟ್ರ ಬೆರಳಿಗೆ ಏನೇನೂ ತಿಳಿಯಲಿಲ್ಲ. "ಅವೆರಡು ನಾಲ್ಕು-ಆರಾದ್ರೂ ಸರಿಹೋಗುತ್ತೆ, ಎರಡು-ನಾಲ್ಕಾದ್ರೂ ಸರಿಹೋಗುತ್ತೆ, ಒಂದು-ಮೂರಾದ್ರೂ ಸರಿ," ಎಂದು ಹಾಳೆಯಿಂದ ಕೈ ತೆಗೆದರು. "ಇಲ್ಲಿ ಲೆಕ್ಕ ಕೈ ಕೊಡ್ತು ಅಕ್ಕ."

ಒಂದೊಂದನ್ನೂ ಒತ್ತಿ ನೋಡಿದರೆ ಇವತ್ತಿಗೆ ಮುಗಿದೀತೇ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಹೆಂಡತಿ ಟಾರ್ಚನ್ನು ಮೇಜಿಗೆ ತಾಗುವಷ್ಟು ತಗ್ಗಿಸಿ, ಕೆನ್ನೆಯನ್ನು ಹಾಳೆಯ ಪಕ್ಕಕ್ಕೇ ಇಟ್ಟು, ಉಸಿರು ಬಿಗಿಹಿಡಿದು ನೋಡಿದಳು. ತುಂಬ ಹೊತ್ತು ನೋಡಿದಳು. ಚುಕ್ಕೆ ಎಲ್ಲೆಲ್ಲಿದೆ ಎಂದು ಈ ಸಲ ಹೇಳಲಿಲ್ಲ.

"ಐದು," ಎಂದಳು. "ಆಮೇಲೆ ಏಳು."

ಮೇಷ್ಟ್ರು ಅವಳ ದನಿ ಬಂದ ಕಡೆ ತಿರುಗಿದರು. ತುಟಿ ಅಲುಗಿದವು, ಕೂಡಿಸುತ್ತಿದ್ದರೋ ಏನೋ. "ಐದು, ಸೊನ್ನೆ, ಐದು, ಹತ್ತು. ಎಂಟು, ಆರು, ಏಳು, ಇಪ್ಪತ್ತೊಂದು," ಎಂದರು. "ವ್ಯತ್ಯಾಸ ಹನ್ನೊಂದು."

ನಾನು ನಲವತ್ತೆಂಟನ್ನೂ ಮತ್ತೆ ಒತ್ತಿದೆ. ನೀಲಿ ಪರದೆ ಹೋಗಿ ಕಪ್ಪಾಯಿತು. ಕಪ್ಪಿನ ನಡುವೆ ಬಿಳಿ ಚುಕ್ಕೆಗಳು ಗಿರಗಿರ ಸುತ್ತತೊಡಗಿದವು. ಸುತ್ತಿದವು, ಸುತ್ತಿದವು, ಗಡಿಯಾರ ನೋಡಿದೆ, ಒಂಬತ್ತು ನಿಮಿಷ ಸುತ್ತಿದವು. ಆಮೇಲೆ ಸ್ಪೀಕರಿನಿಂದ ಆ ಒಣ, ಅವಸರದ ದನಿ ಬಂತು. ಅಂಥ ದನಿಗೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ನಿಟ್ಟುಸಿರು ಬಿಟ್ಟರು.

ಮೇಷ್ಟ್ರು ಕೀಲಿಗಳ ಮೇಲೆ ಬೆರಳಾಡಿಸಿ ಪುಸ್ತಕ ತೆರೆದರು, ಕೊನೆಗೆ ಹೋದರು. "ಅಧ್ಯಾಯ ಹದಿನಾಲ್ಕು. ವೃತ್ತದ ಮೇಲಿನ ಯಾವುದೇ ಬಿಂದುವಿನಿಂದ ಕೇಂದ್ರಕ್ಕೆ ಇರುವ ದೂರ ಒಂದೇ," ಎಂದಿತು ದನಿ. ಅವರು ಕನ್ನಡಕವಿಲ್ಲದ ಕಣ್ಣನ್ನು ಅಂಗಿಯ ತೋಳಿನಲ್ಲಿ ಒರೆಸಿಕೊಂಡರು. ನಾನು ಎರಡು ಪೆನ್‌ಡ್ರೈವಿಗೆ ಹದಿನಾಲ್ಕೂ ಅಧ್ಯಾಯ ಇಳಿಸಿದೆ. ಒಂದನ್ನು ಅವರ ಕೈಗಿಟ್ಟೆ, ಇನ್ನೊಂದನ್ನು, ನಾನು ಅಂಕಿ ಬರೆದುಕೊಂಡ ಚೀಟಿಯ ಜೊತೆ, ಅವಳ ಕೈಗೆ.

ಬ್ಯಾಗ್ ಹೆಗಲಿಗೆ ಹಾಕಿಕೊಳ್ಳುವಾಗ ಮೇಷ್ಟ್ರು ಡ್ರಾಯರಿನಿಂದ ಹೊಸ ದಪ್ಪ ಹಾಳೆ, ಕಿಂಡಿಗಳ ಪಟ್ಟಿ, ಮೊಳೆ ತೆಗೆದರು. ಹೊಸದಾಗಿ ಬರೆದಿಟ್ಟುಕೊಳ್ಳುತ್ತಾರೆ ಅಂದುಕೊಂಡೆ. ಅವರು ಹಾಳೆಯನ್ನು ಪಟ್ಟಿಗೆ ಸಿಕ್ಕಿಸಿ ಮೇಜಿನ ಆಚೆ ಬದಿಗೆ ನೂಕಿದರು.

"ಬಾ, ಕೂತ್ಕೋ," ಎಂದರು. "ಬಲದಿಂದ ಎಡಕ್ಕೆ ಚುಚ್ಚಬೇಕು, ಹಿಂಬದೀಲಿ ಉಬ್ಬುತ್ತೆ. ಮೊದಲನೇದು ಮೂರು."

ಅವಳು ಕೂರಲಿಲ್ಲ, ನಿಂತೇ ಇದ್ದಳು. "ನನಗ್ಯಾಕೆ? ನನಗೆ ಕಣ್ಣಿದೆಯಲ್ಲ," ಎಂದಳು.

ಮೇಷ್ಟ್ರು ಮೊಳೆ ಹಿಡಿದ ಕೈಯನ್ನು ಚಾಚಿಕೊಂಡೇ ಕೂತಿದ್ದರು. "ತಪ್ಪಾಯ್ತು ಕಣೇ," ಎಂದರು. "ಕಲಿತುಬಿಟ್ರೆ ನನ್ನದು ಅಂತ ಒಂದೂ ಉಳಿಯಲ್ಲ ಅನ್ನಿಸ್ತಿತ್ತು. ಮನೆ ನೀನು ನೋಡ್ತೀಯ, ಅಂಗಡಿ ನೀನು ನೋಡ್ತೀಯ, ರಸ್ತೆ ದಾಟಿಸೋಳು ನೀನು. ಇದೊಂದು ನನ್ನದಾಗಿರಲಿ ಅಂತ ಇಟ್ಕೊಂಡಿದ್ದೆ."

ನಾನು ಬಾಗಿಲ ಹತ್ತಿರ ಚಪ್ಪಲಿ ಹುಡುಕುವವಳ ಹಾಗೆ ತಲೆ ತಗ್ಗಿಸಿಕೊಂಡೆ. ಚಪ್ಪಲಿ ಕಣ್ಣೆದುರೇ ಇತ್ತು. ಹಿಂದೆ ಕುರ್ಚಿ ಎಳೆದ ಸದ್ದಾಯಿತು. ಟಕ್. ತಡೆದು ಇನ್ನೊಂದು ಟಕ್.

ಮೆಟ್ಟಿಲಿಳಿಯುವಾಗ ಫೋನ್ ಬಂತು, ಹತ್ತೊಂಬತ್ತನೇ ಕಂಪ್ಯೂಟರು, ಅವರೂ ಏನೂ ಮಾಡಿರಲಿಲ್ಲವಂತೆ. ಎರಡನೇ ಮಹಡಿಯಲ್ಲಿ ಮಂಡಿ ಹಿಡಿಯಿತು, ಗೋಡೆಗೆ ಒರಗಿ ನಿಂತೆ. ಮೇಲಿನಿಂದ ಮೇಷ್ಟ್ರ ದನಿ ಕೇಳುತ್ತಿತ್ತು: "ಇದು ಏಳಲ್ಲ, ನಾಲ್ಕಾಗಿದೆ. ಇನ್ನೊಂದು ಹಾಳೆ ತಗೋ." ಅವಳೆಂದಳು: "ಇದನ್ನೂ ಇಟ್ಟಿರಿ ರೀ. ನಾನು ಮೊದಲನೇ ಸಲ ಬರೆದಿದ್ದು."

"ಇಡ್ತೀನಿ," ಎಂದರು ಮೇಷ್ಟ್ರು. "ಪ್ಲಾಸ್ಟಿಕ್ ಹಾಕ್ಬೇಡ."